ಶನೆನೆತ್ಲಾದ ಗೋಡೆಗಳಲ್ಲಿ ಬಾಲ್ಯ: ಮೆಕ್ಸಿಕೋದ ಚಿತ್ರಕೇರಿಗೆ ಮಕ್ಕಳನ್ನು ಕರೆದೊಯ್ಯುವವರಿಗೆ

ಮೆಕ್ಸಿಕೋದ ಭಿತ್ತಿಚಿತ್ರ ಎಂದ ಕೂಡಲೇ ನೆನಪಾಗುವುದು ದಿಯೇಗೊ ರಿವೆರಾ, ಒರೋಸ್ಕೊ, ಸಿಕೇರೋಸ್. 1920ರ ದಶಕದಿಂದ ಅವರು ಶಾಲೆ, ಸಚಿವಾಲಯ, ಅರಮನೆಗಳ ಗೋಡೆ ತುಂಬ ಕ್ರಾಂತಿಯನ್ನೂ ರೈತರನ್ನೂ ದೇಶದ ಚರಿತ್ರೆಯನ್ನೂ ಬರೆದರು. ಅವನ್ನು ನೋಡಲೇಬೇಕು. ಆದರೆ ಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಹೊರಟವರಿಗೆ ನಾನು ಮೊದಲು ಹೇಳುವ ಜಾಗ ಬೇರೆ: ಪ್ವೆಬ್ಲಾ ನಗರದ ಶನೆನೆತ್ಲಾ. ಹಳೆಯ ಊರಿನ ಉತ್ತರಕ್ಕೆ, ಲೊರೆತೊ ಗುಡ್ಡದ ಬುಡದಲ್ಲಿರುವ ಕೇರಿ ಇದು. ಇಲ್ಲಿ ಚಿತ್ರಗಳಿರುವುದು ಜನ ವಾಸವಿರುವ ಮನೆಗಳ ಮೇಲೆ. ಆಡುವ ಮಕ್ಕಳು, ಹಕ್ಕಿಗಳು, ಅಜ್ಜ ಅಜ್ಜಿಯರ ಮುಖಗಳು, ಆ ಮನೆಯವರು ತಾವು ಚಿಕ್ಕವರಿದ್ದಾಗಿನಿಂದ ಕೇಳುತ್ತ ಬಂದ ಸಂಗತಿಗಳು, ಎಲ್ಲವೂ ಬೀದಿಗೆ ಮುಖ ಮಾಡಿ ನಿಂತಿವೆ.

ಈ ಬರಹ ಅಲ್ಲಿಗೆ ಹೋಗುವ ದಾರಿಯನ್ನೂ, ಹೋದ ಮೇಲೆ ನೋಡುವ ಬಗೆಯನ್ನೂ ಹೇಳುತ್ತದೆ. ಎರಡನೆಯದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ದಾರಿಯನ್ನು ಫೋನ್ ತೋರಿಸುತ್ತದೆ, ಗೋಡೆಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಹೊರಡುವ ಮೊದಲು ಕೇರಿಯ ಕಥೆ ಹೇಳಿ

ಮಕ್ಕಳಿಗೆ ಹಿನ್ನೆಲೆ ಗೊತ್ತಿದ್ದರೆ ಬಣ್ಣ ನೋಡಿ ಹತ್ತು ನಿಮಿಷಕ್ಕೆ ಬೇಸರಪಡುವುದಿಲ್ಲ. ಬಸ್ಸಿನಲ್ಲಿ ಹೇಳಲು ಸಾಕಾಗುವಷ್ಟು ಇಲ್ಲಿದೆ.

ಸ್ಪೇನಿನವರು 1531ರಲ್ಲಿ ಪ್ವೆಬ್ಲಾವನ್ನು ತಮಗಾಗಿ, ಅಳತೆ ಹಿಡಿದು ಕಟ್ಟಿಕೊಂಡರು. ಕಟ್ಟಲು ದುಡಿದ ಮೂಲನಿವಾಸಿ ಜನರಿಗೆ ಜಾಗ ಸಿಕ್ಕಿದ್ದು ಊರಿನ ಹೊರಗೆ. ಸಾನ್ ಫ್ರಾನ್ಸಿಸ್ಕೊ ಹೊಳೆಯ ಆಚೆ ದಡದಲ್ಲಿ ಅನಾಲ್ಕೊ, ಎಲ್ ಆಲ್ತೊ, ಶೊನಾಕಾ, ಶನೆನೆತ್ಲಾ ಎಂಬ ಕೇರಿಗಳು ಹುಟ್ಟಿದ್ದು ಹೀಗೆ. ಶನೆನೆತ್ಲಾದವರು ಇಟ್ಟಿಗೆ ಸುಡುವವರು, ಗುಡ್ಡದ ಕಲ್ಲು ಒಡೆಯುವವರು. ಆಚೆ ದಡದ ಚರ್ಚುಗಳಿಗೂ ಶ್ರೀಮಂತರ ಮನೆಗಳಿಗೂ ಸಾಮಾನು ಒದಗಿಸಿದ್ದು ಇಂಥ ಕೇರಿಗಳು. 1960ರ ದಶಕದಲ್ಲಿ ಹೊಳೆಯನ್ನು ಕೊಳವೆಗೆ ಹಾಕಿ ಮುಚ್ಚಿ, ಅದರ ಮೇಲೆ ಅಗಲವಾದ ರಸ್ತೆ ಮಾಡಿದರು. ಅದೇ ಇವತ್ತಿನ 5 ದೆ ಮಾಯೊ ಬೌಲೆವಾರ್ಡ್. ಹೊಳೆ ಹೋಯಿತು, ಗಡಿ ಮಾತ್ರ ಹೋಗಲಿಲ್ಲ. 1987ರಲ್ಲಿ ಹಳೆಯ ಊರು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೂ ಪ್ರವಾಸಿಗರು ಬೌಲೆವಾರ್ಡ್ ದಾಟಿ ಈ ಕಡೆ ಬರುತ್ತಿರಲಿಲ್ಲ. ಶನೆನೆತ್ಲಾ ಎಂದರೆ ಕಳ್ಳತನದ ಜಾಗ, ಹೋಗಬೇಡಿ ಎಂಬ ಮಾತು ಊರಿನವರಲ್ಲೇ ಇತ್ತು.

ಸುಮಾರು 2009ರಿಂದ ಕೊಲೆಕ್ತೀವೊ ತೊಮಾತೆ ಎಂಬ ಯುವಕರ ಗುಂಪು ಇಲ್ಲಿನ ಮನೆಯವರ ಜೊತೆ ಸೇರಿ ಚಿತ್ರ ಬರೆಸತೊಡಗಿತು. ಕೆಲವೇ ವರ್ಷಗಳಲ್ಲಿ ಐವತ್ತಕ್ಕೂ ಹೆಚ್ಚು ಗೋಡೆಗಳು ತುಂಬಿದವು. ಅವರ ಕೆಲಸದ ಕ್ರಮ ಮುಖ್ಯ. ಕಲಾವಿದ ಮೊದಲು ಮನೆಯವರ ಎದುರು ಕೂರಬೇಕು, ಅವರ ಕಥೆ ಕೇಳಬೇಕು, ಆಮೇಲೆ ಕರಡು ಬರೆದು ತೋರಿಸಬೇಕು. ಮನೆಯವರು ಹೂಂ ಅಂದ ಮೇಲೆಯೇ ಗೋಡೆಗೆ ಬಣ್ಣ. ಇಲ್ಲಿ ಬಾಲ್ಯದ ಚಿತ್ರಗಳು ಬಂದಿರುವುದಕ್ಕೂ ಇದೇ ಕಾರಣ ಎನ್ನುವುದು ನನ್ನ ಅನಿಸಿಕೆ. ನಿಮ್ಮ ಕಥೆ ಹೇಳಿ ಎಂದು ಯಾರನ್ನೇ ಕೇಳಿ, ಅವರು ಶುರುಮಾಡುವುದು ಅಪ್ಪನ ಕೆಲಸ, ಅಮ್ಮನ ಅಡುಗೆ, ತಾವು ಆಡಿದ ಆಟದಿಂದ.

ಯಾವ ತಿಂಗಳು, ಯಾವ ಹೊತ್ತು

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಜೋರು ಮಳೆ ಹಿಡಿಯುವುದು ಸಾಮಾನ್ಯ, ಬೆಳಿಗ್ಗೆ ಮಾತ್ರ ಆಕಾಶ ಚೊಕ್ಕವಾಗಿರುತ್ತದೆ. ಪ್ವೆಬ್ಲಾ ಇರುವುದು 2,100 ಮೀಟರ್‌ಗಿಂತ ಎತ್ತರದಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಮಕ್ಕಳಿಗೆ ಮೊದಲ ದಿನ ಏದುಸಿರು, ತಲೆನೋವು ಬಂದರೆ ಗಾಬರಿ ಬೇಡ. ನೀರು ಕುಡಿಸಿ, ಅವಸರಿಸಬೇಡಿ, ಗುಡ್ಡ ಹತ್ತುವುದನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಸ್ವೆಟರ್ ಬೇಕು, ಹನ್ನೊಂದರ ಹೊತ್ತಿಗೆ ಟೋಪಿ ಬೇಕು.

ನೋಡಲು ಒಳ್ಳೆಯ ಹೊತ್ತು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ನೆರಳು ಬೀದಿಯ ಒಂದು ಮಗ್ಗುಲಿಗಿರುತ್ತದೆ, ಬಣ್ಣ ಸೊಕ್ಕಿ ಕಾಣುತ್ತದೆ. ಪ್ವೆಬ್ಲಾ ಇರುವುದು ಸುಮಾರು 19 ಡಿಗ್ರಿ ಅಕ್ಷಾಂಶದಲ್ಲಿ, ಬೀದರಿಗಿಂತ ಸ್ವಲ್ಪ ಉತ್ತರ. ಹಾಗಾಗಿ ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ನಡುಹಗಲಿಗೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಸೂರಿನ ನೆರಳು ಗೋಡೆಯ ಮೇಲಿಂದ ಉದ್ದಕ್ಕೆ ಇಳಿದು ಚಿತ್ರದ ಮುಖಗಳನ್ನೇ ಮುಚ್ಚುತ್ತದೆ. ಆ ಹೊತ್ತನ್ನು ಊಟಕ್ಕೆ ಬಿಡಿ.

ಮೂರು ಸಂದರ್ಭಗಳು ವಿಶೇಷ. ಏಪ್ರಿಲ್ 30 ಮೆಕ್ಸಿಕೋದ ಮಕ್ಕಳ ದಿನ, 1924ರಿಂದ ನಡೆದು ಬಂದಿರುವುದು. ಅದಾಗಿ ಐದು ದಿನಕ್ಕೆ, ಮೇ 5ರಂದು, ಪ್ವೆಬ್ಲಾ ಯುದ್ಧದ ಹಬ್ಬ. 1862ರಲ್ಲಿ ಮೆಕ್ಸಿಕೋದ ಸೇನಾಪತಿ ಇಗ್ನಾಸಿಯೊ ಸಾರಾಗೋಸಾನ ಪಡೆ ಫ್ರೆಂಚರನ್ನು ಹಿಮ್ಮೆಟ್ಟಿಸಿದ್ದು ಈ ಕೇರಿಯ ತಲೆಯ ಮೇಲಿರುವ ಲೊರೆತೊ ಮತ್ತು ಗ್ವಾದಲುಪೆ ಕೋಟೆಗಳಲ್ಲಿ. ಅವತ್ತು ಊರೆಲ್ಲ ಮೆರವಣಿಗೆ, ರಸ್ತೆಗಳು ಬಂದ್. ಹಬ್ಬ ನೋಡಬೇಕಾದರೆ ಹೋಗಿ, ಚಿತ್ರ ನೋಡಬೇಕಾದರೆ ಆ ದಿನ ಬೇಡ. ಮೂರನೆಯದು ನವೆಂಬರ್ 1 ಮತ್ತು 2, ಸತ್ತವರ ಹಬ್ಬ. ಅದರ ಮಾತು ಕೆಳಗೆ ಬರುತ್ತದೆ.

ದಾರಿ

ಇದನ್ನು ಬೇಗ ಮುಗಿಸುತ್ತೇನೆ. ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಶೆಂಗೆನ್ ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಪ್ರವಾಸಕ್ಕೆ ಬೇರೆ ವೀಸಾ ಬೇಕಿಲ್ಲ ಎನ್ನುವ ನಿಯಮವನ್ನು ಮೆಕ್ಸಿಕೋ ಬಹುಕಾಲ ಪಾಲಿಸಿಕೊಂಡು ಬಂದಿದೆ. ಟಿಕೆಟ್ ಮಾಡಿಸುವ ಮುನ್ನ ರಾಯಭಾರ ಕಚೇರಿಯ ಪುಟದಲ್ಲಿ ಖಾತ್ರಿ ಮಾಡಿಕೊಳ್ಳಿ. ಡಲ್ಲಾಸ್, ಹ್ಯೂಸ್ಟನ್, ಬೇ ಏರಿಯಾದಲ್ಲಿ ಕೆಲಸದ ವೀಸಾದ ಮೇಲಿರುವ ಕನ್ನಡಿಗರು, ಅಮೆರಿಕಕ್ಕೆ ಮರಳುವಾಗ ತೋರಿಸಬೇಕಾದ ಕಾಗದಗಳನ್ನು ಹೊರಡುವ ಮೊದಲೇ ನೋಡಿಕೊಳ್ಳಿ.

ಮೆಕ್ಸಿಕೋ ಸಿಟಿಯಿಂದ ಪ್ವೆಬ್ಲಾಗೆ ಸುಮಾರು 130 ಕಿ.ಮೀ., ಬಸ್ಸಿನಲ್ಲಿ ಎರಡು ಗಂಟೆ, ಟ್ರಾಫಿಕ್ ಇದ್ದರೆ ಇನ್ನೂ ಹೆಚ್ಚು. ಮೆಕ್ಸಿಕೋ ಸಿಟಿಯ ಪೂರ್ವದ ತಾಪೊ ಬಸ್ ನಿಲ್ದಾಣದಿಂದ ಆದೆಓ, ಎಸ್ತ್ರೆಯ್ಯಾ ರೋಹಾ ಕಂಪನಿಗಳ ಬಸ್ಸುಗಳು ಮೇಲಿಂದ ಮೇಲೆ ಇವೆ. ವಿಮಾನ ನಿಲ್ದಾಣದಿಂದಲೇ ನೇರ ಬಸ್ಸೂ ಸಿಗುತ್ತದೆ. ಇಳಿಯುವುದು ಕಾಪು ನಿಲ್ದಾಣದಲ್ಲಿ. ಅಲ್ಲಿ ಒಳಗಿನ ಕೌಂಟರ್‌ನಲ್ಲೇ ಹಣ ಕಟ್ಟಿ ಚೀಟಿ ಪಡೆದು ಟ್ಯಾಕ್ಸಿ ಹತ್ತಿ. ಬಸ್ಸಿನಲ್ಲಿ ಹೋಗುವಾಗ ಮೋಡವಿಲ್ಲದಿದ್ದರೆ ಪೊಪೊಕಾತೆಪೆತ್ಲ್ ಜ್ವಾಲಾಮುಖಿ ಹೊಗೆಯಾಡುವುದು ಕಾಣಬಹುದು, ಮಕ್ಕಳಿಗೆ ಕಿಟಕಿ ಪಕ್ಕದ ಸೀಟು ಕೊಡಿ.

ಊರಿನ ನಡುವಿನ ಚೌಕ, ಸೊಕಲೊ, ಅಲ್ಲಿಂದ ಶನೆನೆತ್ಲಾಗೆ ನಡೆದರೆ ಅರ್ಧ ಗಂಟೆ. ಪ್ವೆಬ್ಲಾದ ಬೀದಿಗಳಿಗೆ ಹೆಸರಿಗಿಂತ ಸಂಖ್ಯೆಗಳೇ ಹೆಚ್ಚು, ಅದರ ಗುಟ್ಟು ತಿಳಿದರೆ ನಕ್ಷೆ ಬೇಡ. ಪೂರ್ವ-ಪಶ್ಚಿಮಕ್ಕೆ ಹೋಗುವವು ಅವೆನಿದಾ, ಉತ್ತರ-ದಕ್ಷಿಣಕ್ಕೆ ಹೋಗುವವು ಕಾಯೆ. ಚೌಕದಿಂದ ಉತ್ತರಕ್ಕೆ ಸರಿದಂತೆ ಅವೆನಿದಾಗಳ ಸಂಖ್ಯೆ 2, 4, 6 ಎಂದು ಸಮಸಂಖ್ಯೆಯಲ್ಲಿ ಏರುತ್ತದೆ, ದಕ್ಷಿಣಕ್ಕೆ ಹೋದರೆ ಬೆಸಸಂಖ್ಯೆ. ನೀವು ಉತ್ತರಕ್ಕೆ ನಡೆಯುತ್ತಿದ್ದೀರಿ, ಆದ್ದರಿಂದ ಫಲಕಗಳಲ್ಲಿ ಸಮಸಂಖ್ಯೆ ಏರುತ್ತಿರಬೇಕು. ಈ ಲೆಕ್ಕವನ್ನು ಮಗುವಿನ ಕೈಗೆ ಕೊಟ್ಟರೆ ಅರ್ಧ ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಬೌಲೆವಾರ್ಡ್ ದಾಟುವಾಗ ಮಾತ್ರ ಕೈ ಹಿಡಿದುಕೊಳ್ಳಿ, ವಾಹನಗಳು ವೇಗವಾಗಿ ಬರುತ್ತವೆ. ದಾಟಿದ ಮೇಲೆ ಸಾಂತಾ ಇನೆಸ್ ಚರ್ಚು ಎಲ್ಲಿ ಎಂದು ಕೇಳಿ, ಅದೇ ಈ ಕೇರಿಯ ಗುರುತು.

ಮೊದಲು ನಮಸ್ಕಾರ, ಆಮೇಲೆ ಕ್ಯಾಮೆರಾ

ಟಿಕೆಟ್ ಇಲ್ಲ, ಗೇಟಿಲ್ಲ, ಕಾವಲುಗಾರನಿಲ್ಲ. ಅದಕ್ಕೇ ನಿಯಮವನ್ನು ನಾವೇ ಹಾಕಿಕೊಳ್ಳಬೇಕು. ಬಾಗಿಲಲ್ಲಿ ಕೂತವರಿಗೆ, ಎದುರು ಬಂದವರಿಗೆ ಮಧ್ಯಾಹ್ನ ಹನ್ನೆರಡರವರೆಗೆ "ಬ್ವೆನೋಸ್ ದಿಯಾಸ್", ಆಮೇಲೆ "ಬ್ವೆನಾಸ್ ತಾರ್ದೆಸ್" ಎನ್ನಿ. ಹಿರಿಯ ಹೆಂಗಸರಿಗೆ "ಸೆನ್ಯೋರಾ", ಗಂಡಸರಿಗೆ "ಸೆನ್ಯೋರ್" ಸೇರಿಸಿ. ನಮಸ್ಕಾರ ಹೇಳದೆ ನೇರ ಪ್ರಶ್ನೆ ಕೇಳುವುದು ಅಲ್ಲಿ ಒರಟುತನ, ನಮ್ಮ ಹಳ್ಳಿಗಳಲ್ಲಿ ಇರುವ ಹಾಗೆಯೇ.

ಎರಡು ವಾಕ್ಯ ಕಲಿತುಕೊಂಡರೆ ಕೆಲಸ ನಡೆಯುತ್ತದೆ. "ಪ್ವೆದೊ ತೊಮಾರ್ ಉನಾ ಫೊತೊ?" ಅಂದರೆ ಒಂದು ಫೋಟೋ ತೆಗೆಯಬಹುದೇ. "ದೆ ಕಿಯೆನ್ ಎಸ್ ಎಸ್ತಾ ಇಸ್ತೋರಿಯಾ?" ಅಂದರೆ ಈ ಕಥೆ ಯಾರದ್ದು. ಎರಡನೆಯದನ್ನು ಮಗುವಿನ ಬಾಯಲ್ಲಿ ಕೇಳಿಸಿ. ಉತ್ತರ ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಬೆರಳು ತೋರಿಸುವುದರಲ್ಲೇ ಅರ್ಧ ತಿಳಿಯುತ್ತದೆ. ಫೋನಿನ ಅನುವಾದಕ್ಕೆ ಸ್ಪ್ಯಾನಿಷನ್ನು ಹೋಟೆಲಿನಲ್ಲೇ ಇಳಿಸಿಕೊಂಡಿದ್ದರೆ ಇಂಟರ್ನೆಟ್ ಇಲ್ಲದಿದ್ದರೂ ಉಳಿದದ್ದು ಸಿಗುತ್ತದೆ. ಯಾರಾದರೂ ಬೇಡ ಎಂದು ತಲೆಯಾಡಿಸಿದರೆ ಅಲ್ಲಿಗೆ ಬಿಡಿ.

ಇಂಥದೇ ಚಿತ್ರ ನೋಡಬೇಕು ಎಂದು ಹಳೆಯ ಫೋಟೋ ಹಿಡಿದು ಹುಡುಕಬೇಡಿ. ಬಿಸಿಲಿಗೆ ಬಣ್ಣ ಮಾಸುತ್ತದೆ, ಮನೆ ರಿಪೇರಿಯಾಗುತ್ತದೆ, ಬೇರೆಯವರು ಮೇಲೆ ಹೊಸದು ಬರೆಯುತ್ತಾರೆ. ನೀವು ಹೋದ ದಿನ ಇರುವುದೇ ನಿಮ್ಮ ಪಾಲಿನ ಚಿತ್ರ.

ಒಂದು ಗೋಡೆಯನ್ನು ನೋಡುವ ಬಗೆ

ಎಲ್ಲ ಗೋಡೆಗಳನ್ನೂ ನೋಡಿ ಮುಗಿಸಬೇಕು ಎಂದುಕೊಂಡರೆ ಒಂದೂ ನೆನಪಿರುವುದಿಲ್ಲ. ಮಗುವಿಗೆ ಹೇಳಿ, ಮೂರು ಗೋಡೆಗಳನ್ನು ನೀನೇ ಆರಿಸು ಎಂದು. ಉಳಿದವನ್ನು ನಡೆಯುತ್ತ ನೋಡಿ, ಆ ಮೂರರ ಮುಂದೆ ನಿಲ್ಲಿ.

ಮೊದಲು ಎದುರಿನ ಫುಟ್‌ಪಾತಿಗೆ ಹೋಗಿ ದೂರದಿಂದ ನೋಡಿ. ಮನೆಯ ಕಿಟಕಿ, ಬಾಗಿಲು, ಕರೆಂಟ್ ಮೀಟರ್, ನೀರಿನ ಪೈಪು ಚಿತ್ರದಲ್ಲಿ ಎಲ್ಲಿ ಬಿದ್ದಿವೆ ಎಂದು ಗಮನಿಸಿ. ಒಳ್ಳೆಯ ಬೀದಿ ಕಲಾವಿದರು ಇವನ್ನು ಅಡ್ಡಿ ಎಂದುಕೊಳ್ಳುವುದಿಲ್ಲ, ಚಿತ್ರದೊಳಗೆ ಸೇರಿಸಿಕೊಳ್ಳುತ್ತಾರೆ. ಚಿತ್ರ ಮನೆಗೆ ಹೊಂದಿಕೊಂಡಿದೆಯೋ, ಮನೆಯನ್ನು ಬರೀ ಹಲಗೆಯಾಗಿ ಬಳಸಿಕೊಂಡಿದೆಯೋ ಎಂಬುದು ಇಲ್ಲಿಂದ ತಿಳಿಯುತ್ತದೆ. ನನಗೆ ಮೊದಲ ಬಗೆಯೇ ಮೇಲು.

ಆಮೇಲೆ ಹತ್ತಿರ ಬನ್ನಿ, ಮುಟ್ಟಬೇಡಿ. ಸ್ಪ್ರೇ ಡಬ್ಬಿಯಲ್ಲಿ ಬರೆದ ಭಾಗದ ಅಂಚು ಮಂಜಿನಂತೆ ಕರಗಿರುತ್ತದೆ, ಬ್ರಷ್ಷಿನ ಭಾಗದಲ್ಲಿ ಕೂದಲಿನ ಗೆರೆ ಕಾಣುತ್ತದೆ. ಕೆನ್ನೆ, ಆಕಾಶ, ನೆರಳು ಸಾಮಾನ್ಯವಾಗಿ ಸ್ಪ್ರೇ. ಎಲೆ, ಬಟ್ಟೆಯ ಕಸೂತಿ, ಅಂಚಿನ ಗೆರೆ ಬ್ರಷ್ಷು. ಕೆಳಗಡೆ, ಮೊಣಕಾಲಿನ ಎತ್ತರದಲ್ಲಿ, ಬಣ್ಣ ದಪ್ಪವಾಗಿ, ಸ್ವಲ್ಪ ಅಂಕುಡೊಂಕಾಗಿ ಇದ್ದರೆ ಅಕ್ಕಪಕ್ಕದ ಮಕ್ಕಳೂ ಕೈ ಹಾಕಿರಬಹುದು. ಮನೆಯವರು, ನೆರೆಯವರು ಸೇರಿ ಬಣ್ಣ ಹಚ್ಚುವುದು ಇಂಥ ಕೆಲಸಗಳ ಪದ್ಧತಿ.

ಕುಕ್ಕರಗಾಲಲ್ಲಿ ಕೂತು ಗೋಡೆಯ ಬುಡ ನೋಡಿ. ಬಣ್ಣ ಗುಳ್ಳೆ ಎದ್ದು ಹೊಪ್ಪಳಿಸಿದ್ದರೆ, ಕೆಳಗೆ ಬಿಳಿ ಪುಡಿ ಇದ್ದರೆ, ಅದು ಸಾಲಿತ್ರೆ, ಅಂದರೆ ಗೋಡೆ ಉಗುಳಿದ ಉಪ್ಪು. ಹಳೆಯ ಇಟ್ಟಿಗೆ, ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಮೇಲೆ ವಿನೈಲ್ ಅಥವಾ ಅಕ್ರಿಲಿಕ್ ಬಣ್ಣ ದಪ್ಪವಾಗಿ ಕೂತಾಗ ದಾರಿ ಕಟ್ಟುತ್ತದೆ, ಉಪ್ಪು ಒಳಗೇ ಹರಳುಗಟ್ಟಿ ಬಣ್ಣವನ್ನು ಸೀಳಿಕೊಂಡು ಬರುತ್ತದೆ. ಮೇಲುಭಾಗದ ಶತ್ರು ಬಿಸಿಲು. ಅಗ್ಗದ ಕೆಂಪು, ಗುಲಾಬಿ, ಹಳದಿ ಮೊದಲು ಮಾಸುತ್ತವೆ. ಕಾವಿ, ಗೇರುಬಣ್ಣದಂಥ ಕಬ್ಬಿಣದ ಬಣ್ಣಗಳೂ ಕಡುನೀಲಿಯೂ ಬಹುಕಾಲ ಬಾಳುತ್ತವೆ. ಮಗುವಿನ ಚಿತ್ರದಲ್ಲಿ ನೀಲಿ ಅಂಗಿ ಹೊಳೆಯುತ್ತಿದ್ದು ಕೆನ್ನೆ ಮಾತ್ರ ಬಿಳಿಚಿಕೊಂಡಿದ್ದರೆ ಕಾರಣ ಇದೇ ಇರಬಹುದು.

ಕೊನೆಗೆ, ಮಗು ನೋಡುವ ಎತ್ತರದಿಂದಲೇ ನೀವೂ ಒಮ್ಮೆ ನೋಡಿ. ಆಮೇಲೆ ಕೇಳಿ: ಈ ಹುಡುಗಿ ಏನು ನೋಡುತ್ತಿದ್ದಾಳೆ? ಇವಳ ಜೊತೆ ಯಾರಿದ್ದಾರೆ? ಉತ್ತರ ಸರಿಯೋ ತಪ್ಪೋ ಹೇಳಬೇಡಿ. ಮನೆಯವರು ಹೊರಗೆ ಬಂದರೆ ಅವರೇ ಹೇಳುತ್ತಾರೆ.

ಗೋಡೆಗಳಲ್ಲಿ ಹುಡುಕಬೇಕಾದ ವಸ್ತುಗಳು

ಮೆಕ್ಸಿಕೋದ ಬಾಲ್ಯದ ಚಿತ್ರಗಳಲ್ಲಿ, ಶನೆನೆತ್ಲಾದಲ್ಲಾಗಲಿ ಬೇರೆ ಊರಲ್ಲಾಗಲಿ, ಕೆಲವು ವಸ್ತುಗಳು ಮತ್ತೆ ಮತ್ತೆ ಬರುತ್ತವೆ. ತ್ರೊಂಪೊ ಎಂದರೆ ನಮ್ಮ ಬುಗುರಿಯೇ, ದಾರ ಸುತ್ತಿ ಬಿಡುವುದು. ಕನೀಕಾಸ್ ಎಂದರೆ ಗೋಲಿ. ಪಾಪಲೋತೆ ಗಾಳಿಪಟ. ಅವಿಯೋನ್ ಎಂದು ನೆಲದಲ್ಲಿ ಚೌಕ ಬರೆದು ಕುಂಟುವ ಆಟ ನಮ್ಮ ಕುಂಟೆಬಿಲ್ಲೆಗೆ ತೀರ ಹತ್ತಿರ. ಬಲೇರೊ ನಮ್ಮಲ್ಲಿ ಅಷ್ಟು ಬಳಕೆಯಲ್ಲಿಲ್ಲ. ಒಂದು ಮರದ ಕೋಲಿಗೆ ದಾರದಿಂದ ಕಟ್ಟಿದ ತೂತಿನ ಮರದ ಗುಂಡು. ಎಸೆದು, ಗುಂಡಿನ ತೂತು ಕೋಲಿನ ತುದಿಗೆ ಸಿಕ್ಕಿಕೊಳ್ಳುವಂತೆ ಹಿಡಿಯಬೇಕು. ಲೊತೆರೀಯಾ 54 ಚಿತ್ರಗಳ ಎಲೆಗಳಿಂದ ಆಡುವ, ಹೌಸಿಯಂಥ ಆಟ. ಸೂರ್ಯ, ಚಂದ್ರ, ಹುಂಜ, ಮತ್ಸ್ಯಕನ್ಯೆ ಚೌಕಟ್ಟಿನೊಳಗೆ ಕಂಡರೆ ಅದರ ನೆನಪು ಎಂದು ತಿಳಿಯಿರಿ. ಏಳು ಮೂಲೆಯ ನಕ್ಷತ್ರ ಕಂಡರೆ ಪಿನ್ಯಾತಾ, ಡಿಸೆಂಬರ್ 16ರಿಂದ 24ರವರೆಗಿನ ಪೊಸಾದಾ ಹಬ್ಬದಲ್ಲಿ ಮಕ್ಕಳು ಕಣ್ಣು ಕಟ್ಟಿಸಿಕೊಂಡು ಹೊಡೆದು ಒಡೆಯುವುದು. ಏಳು ಮೂಲೆ ಏಳು ಪಾಪಗಳು ಎನ್ನುತ್ತಾರೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಗುವಿನ ಸುತ್ತ ಚೆಂಡುಹೂ, ಕಿತ್ತಳೆ ಬಣ್ಣದ ಚಿಟ್ಟೆಗಳು, ಮೇಣದಬತ್ತಿ ಕಂಡರೆ ಮುದ್ದಾಗಿದೆ ಎಂದು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ. ಸತ್ತವರ ಹಬ್ಬದಲ್ಲಿ ನವೆಂಬರ್ 1 ತೀರಿಹೋದ ಮಕ್ಕಳಿಗೆ, 2 ದೊಡ್ಡವರಿಗೆ. ಚೆಂಡುಹೂವಿನ ದಾರಿ ಹಿಡಿದು ಅವರು ಮನೆಗೆ ಬರುತ್ತಾರೆ ಎಂಬ ನಂಬಿಕೆ. ಅದೇ ದಿನಗಳಲ್ಲಿ ಉತ್ತರದಿಂದ ಮಧ್ಯ ಮೆಕ್ಸಿಕೋದ ಕಾಡುಗಳಿಗೆ ಬರುವ ಮೊನಾರ್ಕ್ ಚಿಟ್ಟೆಗಳನ್ನು ಸತ್ತವರ ಆತ್ಮ ಎನ್ನುವವರಿದ್ದಾರೆ. ಅಂಥ ಚಿತ್ರ ಆ ಮನೆ ಕಳೆದುಕೊಂಡ ಕೂಸಿನದ್ದಾಗಿರಬಹುದು. ಮೊದಲು ಕೇಳಿ. ನಮ್ಮ ಮಕ್ಕಳಿಗೂ ಹೇಳಬಹುದು: ದಸರೆ, ದೀಪಾವಳಿಗೆ ನಾವು ಬಾಗಿಲಿಗೆ ಕಟ್ಟುವ ಚೆಂಡುಹೂವಿನ ಮೂಲ ನೆಲ ಈ ಮೆಕ್ಸಿಕೋ, ಅದು ಸಮುದ್ರ ದಾಟಿ ನಮ್ಮ ಹೊಲಗಳಿಗೆ ಬಂದದ್ದು.

ಫೋಟೋ ಮತ್ತು ಪುಸ್ತಕ

ಕೇರಿಯ ಮಕ್ಕಳು ಚಿತ್ರದ ಮುಂದೆ ಆಡುತ್ತಿದ್ದರೆ ಫೋಟೋ ಬಹಳ ಚೆನ್ನಾಗಿ ಬರುತ್ತದೆ, ನಿಜ. ಆದರೂ ತಂದೆತಾಯಿಯ ಒಪ್ಪಿಗೆ ಇಲ್ಲದೆ ತೆಗೆಯಬೇಡಿ, ಒಪ್ಪಿದರೂ ಮುಖ ಕಾಣುವ ಹಾಗೆ ಇಂಟರ್ನೆಟ್ಟಿಗೆ ಹಾಕಬೇಡಿ. ಮನೆಯ ನಂಬರ್ ಕಾಣುವ ಫೋಟೋಗೂ ಇದೇ ಮಾತು. ಡ್ರೋನ್ ಬೇಡವೇ ಬೇಡ.

ಕ್ಯಾಮೆರಾಕ್ಕಿಂತ ಒಳ್ಳೆಯದು ಒಂದು ಬರೆಯದ ಪುಸ್ತಕ, ನಾಲ್ಕು ಬಣ್ಣದ ಪೆನ್ಸಿಲ್. ಆರಿಸಿದ ಮೂರು ಗೋಡೆಗಳಲ್ಲಿ ಒಂದನ್ನಾದರೂ ಮಗು ಕೂತು ಬರೆಯಲಿ. ಬರೆಯುವ ಮಗುವಿನ ಸುತ್ತ ಕೇರಿಯ ಮಕ್ಕಳು ಸೇರುವುದು ಹೆಚ್ಚು, ಫೋನ್ ಹಿಡಿದವರ ಸುತ್ತ ಸೇರುವುದಿಲ್ಲ. ಎರಡನೇ ಪೆನ್ಸಿಲ್ ಬಾಕ್ಸ್ ಚೀಲದಲ್ಲಿರಲಿ. ನೀರು, ಬಿಸ್ಕತ್ತು, ಐಸ್‌ಕ್ರೀಂ ಏನೇ ಬೇಕಾದರೂ ಅಲ್ಲಿನ ಚಿಕ್ಕ ಅಂಗಡಿಯಲ್ಲೇ ಕೊಳ್ಳಿ, ಚಿಲ್ಲರೆ ಪೆಸೊ ಇಟ್ಟುಕೊಂಡಿರಿ. ಕತ್ತಲಾಗುವ ಮೊದಲು ಹಿಂತಿರುಗಿ. ತುರ್ತಿಗೆ 911.

ಊಟ

ಪ್ವೆಬ್ಲಾ ತನ್ನ ಅಡುಗೆಗೆ ಹೆಸರಾದ ಊರು, ಆದರೆ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಮೋಲೆ ಸಾರಿನಲ್ಲಿ ಕೋಳಿಯ ಕಟ್ಟು ಇರುತ್ತದೆ, ಹುರುಳಿಕಾಯಿ ಬೀಜದ ಪಲ್ಯದಲ್ಲಿ, ಚಲೂಪಾ ಎಂಬ ಕರಿದ ಪುಟ್ಟ ರೊಟ್ಟಿಯಲ್ಲಿ ಹಂದಿಯ ಕೊಬ್ಬು ಬಳಸುವುದು ಸಾಮಾನ್ಯ. "ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಮಾಂತೇಕಾ" ಎನ್ನಿ: ಮಾಂಸ ಬೇಡ, ಕೋಳಿ ಬೇಡ, ಕೊಬ್ಬು ಬೇಡ. ಎಳ್ಳು ಹಚ್ಚಿದ ದುಂಡು ಬನ್ನಿನ ಸೆಮಿತಾವನ್ನು ಚೀಸ್, ಬೆಣ್ಣೆಹಣ್ಣು, ಪಾಪಲೊ ಸೊಪ್ಪು ಮಾತ್ರ ಹಾಕಿ ಮಾಡಿಸಿಕೊಳ್ಳಬಹುದು. ಸಿಹಿಗೆ 6 ಓರಿಯೆಂತೆ ಬೀದಿ, ಅಲ್ಲಿ ಸಾಲಾಗಿ ಸಿಹಿ ಅಂಗಡಿಗಳು. ಸಿಹಿಗೆಣಸಿನಿಂದ ಮಾಡಿದ ಕಮೋತೆ ಕಡ್ಡಿಗಳು ಮಕ್ಕಳಿಗೆ ಹಿಡಿಸುತ್ತವೆ. ಅಲ್ಲೇ ಹತ್ತಿರದ ಎಲ್ ಪರಿಯಾನ್ ಕರಕುಶಲ ಮಾರುಕಟ್ಟೆಯಲ್ಲಿ ಮರದ ಆಟಿಕೆಗಳಿಗಾಗಿ ಹುಡುಕಿ. ಗೋಡೆಯಲ್ಲಿ ನೋಡಿದ ಬಲೇರೊ ಅಲ್ಲಿ ಸಿಕ್ಕರೆ ಸಂಜೆಯ ಕೆಲಸ ಮುಗಿಯಿತು.

ಪ್ವೆಬ್ಲಾಗೆ ಹೋಗಲು ಆಗದಿದ್ದರೆ

ಮೆಕ್ಸಿಕೋ ಸಿಟಿಯಲ್ಲೇ ಒಂದು ದಿನ ಉಳಿದವರು ಮೆಟ್ರೊ 8ನೇ ಲೈನಿನ ಕೊನೆಯ ನಿಲ್ದಾಣ ಕೊನ್ಸ್ತಿತುಸಿಯೋನ್ ದೆ 1917ಕ್ಕೆ ಹೋಗಿ. ಅಲ್ಲಿಂದ ಇಸ್ತಪಲಾಪಾ ಬಡಾವಣೆಯ ಮೇಲೆ ಹಾದು ಸಾಂತಾ ಮಾರ್ತಾದವರೆಗೆ ಕೇಬಲ್‌ಬುಸ್ ಎಂಬ ತೂಗುಗಾಡಿ ಹೋಗುತ್ತದೆ, 2021ರ ಆಗಸ್ಟ್‌ನಲ್ಲಿ ಶುರುವಾದದ್ದು. ಮೇಲಿನಿಂದ ನೋಡುವವರಿಗೆಂದೇ ತಾರಸಿ, ಗೋಡೆಗಳ ಮೇಲೆ ಚಿತ್ರ ಬರೆಸಿದ್ದಾರೆ. ಕಿಟಕಿ ಪಕ್ಕ ಕೂತ ಮಗುವಿಗೆ ಹೋಗುತ್ತ ಒಂದು ಕಡೆ, ಬರುತ್ತ ಇನ್ನೊಂದು ಕಡೆ. ಇಲ್ಲಿ ಮನೆಯವರನ್ನು ಮಾತಾಡಿಸುವ ಅವಕಾಶವಿಲ್ಲ, ಆ ಕೊರತೆ ಇದ್ದೇ ಇದೆ. ಇನ್ನೂ ಒಂದು ದಿನ ಇದ್ದರೆ ಪಾಚೂಕಾ ನಗರದ ಲಾಸ್ ಪಾಲ್ಮಿತಾಸ್. 2015ರಲ್ಲಿ ಹೆರ್ಮೆನ್ ಕ್ರೂ ತಂಡ ಗುಡ್ಡದ 209 ಮನೆಗಳ ಮುಖಕ್ಕೆ ಸೇರಿಸಿ ಒಂದೇ ಚಿತ್ರ ಬರೆದ ಜಾಗ. ಅದು ದೂರದಿಂದ ನೋಡಬೇಕಾದ ಬಣ್ಣದ ಸುಳಿ, ಎದುರಿನ ರಸ್ತೆಯಿಂದ ಪೂರ್ತಿ ಕಾಣುತ್ತದೆ. ಮಕ್ಕಳು ಚಿಕ್ಕವರಾದರೆ ಕೇಬಲ್‌ಬುಸ್, ಹತ್ತು ದಾಟಿದವರಾದರೆ ಪಾಚೂಕಾ. ಎರಡು ದಿನವಿದ್ದು ಒಂದನ್ನೇ ಆರಿಸಬೇಕಾದರೆ ಮತ್ತೆ ಶನೆನೆತ್ಲಾ ಎನ್ನುತ್ತೇನೆ. ರಾತ್ರಿ ಪ್ವೆಬ್ಲಾದಲ್ಲೇ ಉಳಿದು, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕೇರಿಗೆ ಹೋಗಿ.